ಕೈತೋಟದಲ್ಲಿ ಆವರಿಕೆಗೂ ಒಂದು ಪಾತಿ

ಶಾಲೆಯ ಕೈತೋಟವೆಂದ ಮೇಲೆ ಗುಲಾಬಿ, ಡೇರೆ, ಕ್ರೋಟನ್ ಗಿಡಗಳು ಇರಲೇಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟಿ ಹೂ ಬಿಡುವ ಗಿಡ ನಮ್ಮ ಕಣ್ಣಿಗೆ ಬರಿಯ ಕಳೆ. ಈ ಭಾವನೆ ತಪ್ಪೆಂದು ಹೇಳಲು ನಮಗಿರುವ ಅಧಿಕಾರ ಒಂದೇ: ಆ ತಪ್ಪನ್ನು ನಾವೇ ಮಾಡಿದ್ದೇವೆ.

ಕಳೆದ ವರ್ಷ ವಾರ್ಷಿಕೋತ್ಸವಕ್ಕೆ ಮುಂಚೆ ಅಂಗಳವನ್ನು ಚೊಕ್ಕಟಗೊಳಿಸುವ ಹೊಣೆ ನಮ್ಮದಾಗಿತ್ತು. ಬೇಲಿಯುದ್ದಕ್ಕೂ ಬೆಳೆದಿದ್ದ ಆವರಿಕೆಯನ್ನು ಕಡಿಸಿ, ಅಲ್ಲಿ ಹನ್ನೆರಡು ಗುಲಾಬಿ ಗಿಡ ನೆಡಿಸಿದೆವು. ಬಂದ ಅತಿಥಿಗಳೂ ಮೆಚ್ಚಿದರು. ಮಾರ್ಚ್ ತಿಂಗಳಲ್ಲಿ ಕೊಳವೆ ಬಾವಿಯ ನೀರು ಇಳಿಯಿತು. ಮಕ್ಕಳು ಕುಡಿಯುವ ನೀರಿನ ತೊಟ್ಟಿಯಿಂದಲೇ ಗುಲಾಬಿಗೆ ಬಿಂದಿಗೆ ಹೊರತೊಡಗಿದರು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವರಿಗೆ ಕುಡಿಯಲು ತೊಟ್ಟಿಯಲ್ಲಿ ನೀರಿರಲಿಲ್ಲ. ಅಂದೇ ಗುಲಾಬಿಗೆ ನೀರು ನಿಲ್ಲಿಸಿದೆವು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವೆಲ್ಲ ಒಣಗಿದ್ದವು. ಕಡಿದ ಆವರಿಕೆಯ ಬುಡ ಮಾತ್ರ ಯಾರ ನೀರನ್ನೂ ಬೇಡದೆ ಚಿಗುರಿ, ಹಳದಿ ಹೂ ಹೊತ್ತು ನಿಂತಿತ್ತು. "ಇದನ್ನು ಯಾಕೆ ಕಡಿಸಿದಿರಿ, ಸಾರ್?" ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಇದು ನಾಚಿಕೆಯ ಸಂಗತಿ. ಏಕೆಂದರೆ ನಾವು ಹುಟ್ಟಿ ಬೆಳೆದದ್ದೇ ಆವರಿಕೆಯ ಸೀಮೆಯಲ್ಲಿ, ತಮಿಳುನಾಡಿನ ದಿಂಡಿಗಲ್ಲಿನಲ್ಲಿ. ತಲೆಮಾರುಗಳಿಂದ ಆ ಕಡೆ ನೆಲೆಸಿದ ಕನ್ನಡ ಮನೆಗಳಲ್ಲಿ ನಮ್ಮದೂ ಒಂದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನೈರುತ್ಯದ ಕಂಬಂ ಕಣಿವೆಗೆ 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರುಂಟು; ಅಲ್ಲಿ ಭತ್ತ, ದ್ರಾಕ್ಷಿ ನಳನಳಿಸುತ್ತವೆ. ದಿಂಡಿಗಲ್ ಸುತ್ತಿನ ಒಣ ಬಯಲು ಹೆಚ್ಚಾಗಿ ಹಿಂಗಾರನ್ನೇ ನಂಬಿದ್ದು. ಆ ಬಯಲಿನ ಚಿನ್ನವೆಂದರೆ ಆವರಿಕೆಯ ಹೂ. ಪೊಂಗಲ್ ಹಬ್ಬದ ಹೊತ್ತಿಗೆ ಈ ಹೂವನ್ನು ಬೇವಿನ ಸೊಪ್ಪು, ಪೂಳೈ ಹೂಗಳೊಡನೆ ಕಟ್ಟಿ ಮನೆಯ ಸೂರಿಗೆ ಸಿಕ್ಕಿಸುತ್ತಾರೆ. ಆವರಿಕೆ ಅರಳಿರುವಲ್ಲಿ ಸಾಯುವವರುಂಟೇ ಎಂಬ ಅರ್ಥದ ಗಾದೆಯೂ ತಮಿಳಿನಲ್ಲಿದೆ. ದಿಂಡಿಗಲ್ ಚರ್ಮ ಹದ ಮಾಡುವ ಕಸುಬಿಗೂ ಹೆಸರಾದ ಊರು. ದಕ್ಷಿಣ ಭಾರತದಲ್ಲಿ ಒಂದು ಕಾಲಕ್ಕೆ ಆ ಕಸುಬು ನಡೆದದ್ದೇ ಆವರಿಕೆಯ ತೊಗಟೆಯಿಂದ. ಇಪ್ಪತ್ತನೆಯ ಶತಮಾನದಲ್ಲಿ ಹೊರದೇಶದ ವಾಟಲ್ ತೊಗಟೆಯೂ ಕ್ರೋಮಿಯಂ ಲವಣವೂ ಬಂದ ಮೇಲೆ ಅದನ್ನು ಕೇಳುವವರು ಕಡಿಮೆಯಾದರು.

ಕಾಡುಗಿಡಕ್ಕೆ ತೋಟದಲ್ಲಿ ಎಂಥ ಮರ್ಯಾದೆ ಎಂದು ಕೆಲವರು ಕೇಳಬಹುದು. ತಂಗಡಿ ಎಂದೂ ಕರೆಯುವ ಇದೇ ಗಿಡವನ್ನು ತೆಲಂಗಾಣ ರಾಜ್ಯವು 2014ರಲ್ಲಿ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು. ರಾಜಸ್ಥಾನದ ಒಣ ನೆಲದಲ್ಲಿಯೂ ಇದು ಬೆಳೆಯುತ್ತದೆ. ವಿಜ್ಞಾನದ ವಿದ್ಯಾರ್ಥಿಗಳಿಗಂತೂ ಇದೊಂದು ಜೀವಂತ ಪಾಠ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ ಉಂಟು. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಬಂದು, ಹೂವನ್ನು ಹಿಡಿದು, ಗುಂಯ್ ಎಂದು ಮೈಯನ್ನು ಕಂಪಿಸಿ ಪರಾಗವನ್ನು ಉದುರಿಸಿಕೊಳ್ಳುತ್ತದೆ. ಬೆಳಗಿನ ಹೊತ್ತು ಸದ್ದಿಲ್ಲದೆ ಕಾದು ನಿಂತವರು ಇದನ್ನು ಕಣ್ಣಾರೆ ಕಾಣಬಹುದು.

ಬೆಳೆಸುವುದೂ ಕಷ್ಟವಲ್ಲ. ಒಣಗಿದ ಚಪ್ಪಟೆ ಕಾಯಿಗಳಿಂದ ಬೀಜ ಬಿಡಿಸಿ, ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಸಬೇಕು. ಬೀಜದ ಸಿಪ್ಪೆ ಗಟ್ಟಿ. ಮಳೆ ಬಿದ್ದ ಮೇಲೆ, ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗದಲ್ಲಿ ನೇರವಾಗಿ ಬಿತ್ತುವುದು ಲೇಸು. ತಾಯಿಬೇರು ಆಳಕ್ಕಿಳಿಯುವುದರಿಂದ ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ. ಮೊದಲ ಕೆಲವು ತಿಂಗಳು ಆಗಾಗ ನೀರು ಕೊಟ್ಟರೆ ಸಾಕು. ಆಮೇಲೆ ಅದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಸವರಿದಷ್ಟೂ ಒತ್ತಾಗಿ ಚಿಗುರುತ್ತದೆ.

ಗುಲಾಬಿ ಬೇಡವೆಂದು ನಾವು ಹೇಳುತ್ತಿಲ್ಲ. ಮಕ್ಕಳು ಕೈತೊಳೆದ ನೀರಿಗೆ ಎಷ್ಟು ಬದುಕುತ್ತವೋ ಅಷ್ಟಿರಲಿ. ಕುಡಿಯುವ ನೀರನ್ನು ಅಲಂಕಾರಕ್ಕೆ ಸುರಿಯುವುದು ಬೇಡ ಎಂಬುದಷ್ಟೇ ನಮ್ಮ ಅಭಿಪ್ರಾಯ. ತಂದೆತಾಯಿಗಳೂ ತಮ್ಮ ಹಿತ್ತಿಲಿನಲ್ಲಿ ಈ ಗಿಡಕ್ಕೊಂದು ಜಾಗ ಬಿಡಲೆಂದು ಕೋರುತ್ತೇವೆ. ಬೇಲಿಯ ಬದಿಯ ಬುಡವನ್ನು ಈ ವರ್ಷ ಕಡಿಸಲಿಲ್ಲ. ಅದರ ಬೀಜ ಆರಿಸಿಡುವ ಕೆಲಸವನ್ನು ಪ್ರಶ್ನೆ ಕೇಳಿದ ಆ ಹುಡುಗಿಗೇ ಒಪ್ಪಿಸಿದ್ದೇವೆ.