‘ವೆರಿ’ ಬೇರೆ, ‘ಟೂ’ ಬೇರೆ

ಕೋರಮಂಡಲ್‌ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮನೆಗೆ ಬಂದು, ಬೆಂಗಳೂರಿನ ಕೆಲಸವೊಂದಕ್ಕೆ ತಾನು ಕಳುಹಿಸಿದ್ದ ಅರ್ಜಿಯ ಪ್ರತಿಯನ್ನು ತೋರಿಸಿದನು. ‘ಐ ಆಮ್ ಟೂ ಎಕ್ಸ್‌ಪೀರಿಯೆನ್ಸ್ಡ್ ಫಾರ್ ದಿಸ್ ಜಾಬ್’ ಎಂದು ಬರೆದಿದ್ದನು. ತನಗೆ ತುಂಬ ಅನುಭವವಿದೆ ಎಂಬುದು ಅವನ ಭಾವ. ಓದಿದವರಿಗೆ ತಲುಪುವ ಅರ್ಥವೋ, ‘ನನ್ನ ಅನುಭವಕ್ಕೆ ಈ ಕೆಲಸ ತೀರ ಸಣ್ಣದು’ ಎಂದು! ಕರೆ ಬರಲಿಲ್ಲ. ಅದಕ್ಕೆ ಆ ಒಂದು ಪದವೇ ಕಾರಣವೆನ್ನಲಾರೆ. ಆದರೆ ಅದು ಅವನಿಗೆ ನೆರವಾಗಿರಲಾರದು.

ತಪ್ಪು ಅವನದಲ್ಲ, ಅಧ್ಯಾಪಕರಾದ ನಮ್ಮದು. ಹತ್ತನೆಯ ತರಗತಿಯ ‘ರಿಮೂವ್ ಟೂ’ ಅಭ್ಯಾಸ ನೆನಪಿದೆಯೇ? ‘ದ ಕಾಫಿ ಈಸ್ ಟೂ ಹಾಟ್ ಟು ಡ್ರಿಂಕ್’ ಎಂಬುದನ್ನು ‘ಸೋ ಹಾಟ್ ದಟ್ ಐ ಕೆನಾಟ್ ಡ್ರಿಂಕ್ ಇಟ್’ ಎಂದು ಬದಲಿಸಿ ಅಂಕ ಪಡೆದಿರಿ. ಆದರೆ ಆ ‘ಕೆನಾಟ್’ ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ, ನೀವೂ ಕೇಳಲಿಲ್ಲ. ‘ಟೂ’ ಎಂಬುದರ ಹೊಟ್ಟೆಯಲ್ಲಿ ‘ಆಗದು’ ಎಂಬ ನಿಷೇಧ ಅಡಗಿದೆ. ‘ವೆರಿ’ ಎಂದರೆ ಬಹಳ; ‘ಟೂ’ ಎಂದರೆ ಮಿತಿಮೀರಿದ್ದು. ಅತಿಯಾದರೆ ಅಮೃತವೂ ವಿಷವೆಂದ ನಮಗೆ ಈ ಭೇದ ಹೊಸದೇನಲ್ಲ.

‘ಟೂ ಗುಡ್ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರಿಗೂ ತಿಳಿಯುತ್ತದೆ’ ಎಂದು ಕೆಲವರು ವಾದಿಸುವರು. ಗೆಳೆಯರ ನಡುವೆ ಹೇಳಿ, ಅಡ್ಡಿಯಿಲ್ಲ. ಅಲ್ಲಿ ನಿಮ್ಮ ಮುಖಭಾವವೇ ಅರ್ಥವನ್ನು ತಿದ್ದುತ್ತದೆ. ಅರ್ಜಿಗೆ ಮುಖವಿಲ್ಲ.

ಹಾಗೆಂದು ಎಲ್ಲಕ್ಕೂ ‘ವೆರಿ’ ಅಂಟಿಸುವುದೂ ಸಲ್ಲದು. ‘ಪರ್ಫೆಕ್ಟ್’ ಎಂದ ಮೇಲೆ ‘ವೆರಿ’ಗೆ ಅಲ್ಲೇನು ಕೆಲಸ? ಕನ್ನಡದಲ್ಲಿ ಕಡುಬಡವ, ನಟ್ಟನಡು, ತುತ್ತತುದಿ ಎನ್ನುವಂತೆ ಇಂಗ್ಲಿಷಿನಲ್ಲೂ ‘ಪಿಚ್ ಡಾರ್ಕ್’, ‘ವೈಡ್ ಅವೇಕ್’ ಎಂಬ ಜೋಡಿಗಳಿವೆ. ಅವನ್ನು ಕಲಿಯಿರಿ. ಇನ್ನೂ ಮೇಲಾದದ್ದು, ಸಂಗತಿಯನ್ನೇ ಹೇಳುವುದು. ನಮ್ಮೂರಿನ ಗಣಿ ‘ವೆರಿ ವೆರಿ ಡೀಪ್’ ಎಂದರೆ ಕೇಳಿದವರಿಗೆ ಏನೂ ಕಾಣದು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು ಎನ್ನಿ, ಉಸಿರು ಬಿಗಿಹಿಡಿದು ಕೇಳುವರು.

2001ರಲ್ಲಿ ಆ ಗಣಿಗಳು ಮುಚ್ಚಿದವು. ಅಂದಿನಿಂದ ನಮ್ಮ ಮಕ್ಕಳಿಗೆ ಅನ್ನದ ದಾರಿಯೆಂದರೆ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲು. ಅದನ್ನು ಹತ್ತುವವರಿಗೆ ‘ವೆರಿ’ಗೂ ‘ಟೂ’ಗೂ ಇರುವ ಅಂತರವನ್ನಾದರೂ ಕಲಿಸಿ ಕಳುಹಿಸೋಣ. ಇಂದು ಅಧ್ಯಾಪಕರಾಗಿರುವ ನನ್ನ ಶಿಷ್ಯರೇ, ಈ ಮಾತು ಮುಖ್ಯವಾಗಿ ನಿಮಗೆ.