ಕಂತು ನಮ್ಮದು, ಕಾಗದ ಯಾರದು?



ಕಾರು ಕೊಳ್ಳುವ ವಯಸ್ಸು ನಿಮ್ಮದು. ಮೊದಲ ಸಂಬಳಕ್ಕೆ ಬೈಕು, ನಾಲ್ಕು ವರ್ಷ ದುಡಿದ ಮೇಲೆ ಸೆಕೆಂಡ್ ಹ್ಯಾಂಡ್ ಕಾರು, ಚೌತಿ ಹಬ್ಬಕ್ಕೆ ಅದೇ ಕಾರಿನಲ್ಲಿ ಊರಿಗೆ. ತಪ್ಪೇನಿಲ್ಲ, ದುಡಿದವನಿಗೆ ಆಸೆ ಇರಬೇಕು. ಬಣ್ಣ ನೋಡಿದಿರಿ, ಮೈಲೇಜು ಕೇಳಿದಿರಿ, ಟೈರು ಒದ್ದು ನೋಡಿದಿರಿ. ವಿಮೆಯ ಕಾಗದ ಓದಿದಿರಾ?

ಓದಿಲ್ಲ. ನಮಗೆ ಗೊತ್ತು. ಯಾಕೆ ಓದಿಲ್ಲ ಎಂಬುದೂ ಗೊತ್ತು. ಈ ಸಂಚಿಕೆಯಲ್ಲಿ ಅದನ್ನೇ ಮಾತಾಡೋಣ.

ಅಂಕೋಲಾ ತಾಲೂಕಿನ ಹಾರವಾಡದ ಹುಡುಗನೊಬ್ಬ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಹೆಸರು ಬೇಡ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಮುರುಕು ಇಂಗ್ಲಿಷು. ನಮ್ಮ ಕರಾವಳಿಯ ಸಾವಿರಾರು ಮಕ್ಕಳ ಹಾಗೆಯೇ. ಬೆಂಗಳೂರಿನಲ್ಲಿ ಹಳೇ ಕಾರೊಂದನ್ನು ಕೊಂಡ. 'ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ, ತಲೆ ಕೆಡಿಸ್ಕೋಬೇಡಿ' ಎಂದ ದಲ್ಲಾಳಿ. ಆರ್.ಸಿ. ಇವನ ಹೆಸರಿಗಾಯಿತು. ಪಾಲಿಸಿ ಹಳೇ ಮಾಲೀಕನ ಹೆಸರಿನಲ್ಲೇ ಉಳಿಯಿತು. ಚೌತಿಗೆ ಊರಿಗೆ ಹೊರಟವನು ಕಾರವಾರ-ಅಂಕೋಲಾ ನಡುವಿನ ಹೆದ್ದಾರಿಯಲ್ಲಿ ಅಡ್ಡ ಬಂದ ದನ ತಪ್ಪಿಸಲು ಹೋಗಿ ಡಿವೈಡರಿಗೆ ಗುದ್ದಿದ. ದೇವರ ದಯೆ, ಜೀವ ಉಳಿಯಿತು. ರಿಪೇರಿ ಬಿಲ್ಲು ಮೂರು ತಿಂಗಳ ಸಂಬಳ. ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಸಾರಾಂಶ ಇಷ್ಟೇ: ಪಾಲಿಸಿ ನಿನ್ನ ಹೆಸರಿನಲ್ಲಿಲ್ಲ, ದುಡ್ಡು ಇಲ್ಲ.

ಕಾನೂನಿನ ಪ್ರಕಾರ ಕಂಪನಿ ಹೇಳಿದ್ದು ಸರಿ. ಮೋಟಾರು ವಾಹನ ಕಾಯಿದೆ 1988ರ 157ನೇ ಕಲಮಿನಂತೆ, ವಾಹನ ಮಾರಾಟವಾದಾಗ ಮೂರನೆಯವರಿಗೆ ಆಗುವ ಹಾನಿಯ ವಿಮೆ ಹೊಸ ಮಾಲೀಕನ ಜೊತೆಗೇ ಹೋಗುತ್ತದೆ. ನಿಮ್ಮ ಸ್ವಂತ ಕಾರಿಗೆ ಆಗುವ ಹಾನಿಯ ವಿಮೆ ತಾನಾಗಿ ಹೋಗುವುದಿಲ್ಲ. ಸುಪ್ರೀಂ ಕೋರ್ಟು 1995ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಕಾರು ಕೊಂಡ 14 ದಿನದೊಳಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕೆಲಸ ಇಷ್ಟೇ, ಒಂದು ಅರ್ಜಿ.

ಆದರೆ ಆ ಹುಡುಗನಿಗೆ ಇದನ್ನು ಹೇಳಿದವರು ಯಾರು? ದಲ್ಲಾಳಿ ಹೇಳಲಿಲ್ಲ. ಕಾಗದದಲ್ಲಿ ಇತ್ತು. ಇರುವೆ ಸಾಲಿನಂಥ ಅಕ್ಷರದಲ್ಲಿ, ವಕೀಲರ ಇಂಗ್ಲಿಷಿನಲ್ಲಿ, ಹಿಂದಿನ ಪುಟದಲ್ಲಿ ಇತ್ತು!

ಈಗ ದರದ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ 17 ತುಂಬಿದರೆ ಕಾರು ಓಡಿಸಬಹುದು. ಆದರೆ ಹೊಸ ಚಾಲಕ ಹುಡುಗ ಎಂದರೆ ಅಲ್ಲಿನ ಕಂಪನಿಗಳು ಬೆಚ್ಚಿಬೀಳುತ್ತವೆ. ಹಳೇ ಕಾರಿನ ಬೆಲೆಗಿಂತ ಅದರ ವಿಮೆಯ ಬೆಲೆಯೇ ಹೆಚ್ಚಾಗುವುದುಂಟು. ನಮ್ಮಲ್ಲಿ ಕಡ್ಡಾಯ ವಿಮೆಗೆ ವಯಸ್ಸಿನ ಲೆಕ್ಕವಿಲ್ಲ, ಎಂಜಿನ್ನಿನ ಲೆಕ್ಕ. ದಿಲ್ಲಿ ಸರಕಾರ ಗೊತ್ತುಮಾಡಿ 2022ರ ಜೂನ್ 1ರಿಂದ ಜಾರಿಗೆ ತಂದ ದರದಲ್ಲಿ, 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. 1000ದಿಂದ 1500ರವರೆಗೆ 3,416. ಅದಕ್ಕೂ ಮೇಲೆ 7,897. 75ರಿಂದ 150 ಸಿ.ಸಿ. ಬೈಕಿಗೆ 714, 150ರಿಂದ 350ರವರೆಗೆ 1,366. ಇದರ ಮೇಲೆ 18 ಪರ್ಸೆಂಟ್ ತೆರಿಗೆ. ಹಳದಿ ಬೋರ್ಡಿನ 1200 ಸಿ.ಸಿ. ಟ್ಯಾಕ್ಸಿಯಾದರೆ 7,940, ಅದರ ಮೇಲೆ ಪ್ರತಿ ಪ್ರಯಾಣಿಕನ ಸೀಟಿಗೆ 978. ನಾಲ್ಕು ಸೀಟಿಗೆ ಒಟ್ಟು 11,852. ಗೋವಾದಲ್ಲೋ ಬೆಂಗಳೂರಿನಲ್ಲೋ ಟ್ಯಾಕ್ಸಿ ಓಡಿಸಿ ಸಾಲದ ಕಂತು ಕಟ್ಟುವ ಕಾರವಾರದ ಹುಡುಗನಿಗೆ ಇದು ಸಣ್ಣ ಮೊತ್ತವಲ್ಲ.

ಹೊಸ ವಾಹನಕ್ಕಂತೂ ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಕಡ್ಡಾಯ ವಿಮೆ. ಈ ಆದೇಶಕ್ಕೆ ನಮ್ಮ ತಕರಾರಿಲ್ಲ. ರಸ್ತೆಯಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಅನ್ನ ಕೊಡುವುದು ಈ ವಿಮೆಯೇ. ಹೆದ್ದಾರಿ 66ರ ಪಕ್ಕದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಮ್ಮ ಹುಡುಗರು ಇಂಗ್ಲೆಂಡಿನ ಹುಡುಗರಿಗಿಂತ ಅಗ್ಗದಲ್ಲಿ ಪಾರಾದರೇ? ಇಲ್ಲ ಸ್ವಾಮಿ. ಅಲ್ಲಿಯವನು ವಯಸ್ಸಿಗೆ ದಂಡ ಕಟ್ಟುತ್ತಾನೆ. ಇಲ್ಲಿಯವನು ಓದಲಾಗದ ಕಾಗದಕ್ಕೆ ದಂಡ ಕಟ್ಟುತ್ತಾನೆ. ಹೇಗೆ, ಕೇಳಿ.

ಸ್ವಂತ ಹಾನಿಯ ವಿಮೆಯ ದರ ಕಂಪನಿಗಳ ಕೈಗೆ ಹೋದದ್ದು 2007ರ ಜನವರಿಯಲ್ಲಿ. ಇದರಲ್ಲಿ ಒಂದು ವರ್ಷ ಕ್ಲೇಮು ಮಾಡದವನಿಗೆ ಮುಂದಿನ ವರ್ಷ 20 ಪರ್ಸೆಂಟ್ ರಿಯಾಯಿತಿ. ಹೀಗೇ 25, 35, 45, ಕೊನೆಗೆ 50 ಪರ್ಸೆಂಟ್‌ವರೆಗೆ ಏರುತ್ತದೆ. ಇದನ್ನು ನೋ ಕ್ಲೇಮ್ ಬೋನಸ್ ಎನ್ನುತ್ತಾರೆ. ಇದು ಕಾರಿನದಲ್ಲ, ನಿಮ್ಮದು. ಕಾರು ಮಾರಿದರೂ ನಿಮ್ಮ ಜೊತೆ ಬರುತ್ತದೆ. ಆದರೆ ಪಾಲಿಸಿ ಮುಗಿದು 90 ದಿನ ಸುಮ್ಮನಿದ್ದರೆ ಪೂರಾ ಹೋಗುತ್ತದೆ. ನಿಮ್ಮಲ್ಲಿ ಎಷ್ಟು ಜನ ಇದನ್ನು ಕಳೆದುಕೊಂಡಿದ್ದೀರಿ? ಸಾವಿರ ರೂಪಾಯಿಯ ಬಂಪರಿನ ಗೀರಿಗೆ ಕ್ಲೇಮು ಮಾಡಿ, ಮುಂದಿನ ವರ್ಷ ಅದಕ್ಕಿಂತ ಹೆಚ್ಚು ಕಂತು ಕಟ್ಟಿದವರು ಎಷ್ಟು ಜನ?

ಬಂಪರಿನ ಮಾತು ಬಂತು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಮಾತ್ರ. ಗಾಜಿಗೆ ಪೂರ್ತಿ. ಇಂದಿನ ಕಾರಿನಲ್ಲಿ ಮುಂದೆ ಹಿಂದೆ ಇರುವುದೆಲ್ಲ ಪ್ಲಾಸ್ಟಿಕ್ಕೇ. 'ಫುಲ್ ಇನ್ಶೂರೆನ್ಸ್' ಎಂದು ಏಜೆಂಟ್ ಹೇಳಿದ್ದು ನಿಮಗೆ ನೆನಪಿದೆ. ಅರ್ಧ ಎಂದು ಕಾಗದ ಹೇಳಿದ್ದು ನಿಮಗೆ ಗೊತ್ತಿಲ್ಲ.

ನಮ್ಮ ಕರಾವಳಿಯ ಮಳೆ ಕೇಳಬೇಕೇ? ಆಷಾಢದಲ್ಲಿ ರಸ್ತೆಯೂ ಹೊಳೆಯೂ ಒಂದೇ. ಕಾರು ನೀರಿನಲ್ಲಿ ನಿಂತಿತು. ಗಾಬರಿಯಲ್ಲಿ ಕೀಲಿ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದಿರಿ. ನೀರು ಎಂಜಿನ್ನಿಗೆ ಹೋಯಿತು. ಎಂಜಿನ್ನಿಗೆಂದೇ ಬೇರೆ ರಕ್ಷಣೆ ಕೊಂಡಿರದಿದ್ದರೆ ಕಂಪನಿ ಕೈ ಎತ್ತುತ್ತದೆ. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ, ತಳ್ಳಿ ಎಂಬ ಒಂದು ವಾಕ್ಯ ಕನ್ನಡದಲ್ಲಿ ಇದ್ದಿದ್ದರೆ ಎಷ್ಟು ಎಂಜಿನ್ನು ಉಳಿಯುತ್ತಿದ್ದವು!

ಇನ್ನು ಬಿಳಿ ಬೋರ್ಡಿನ ಬಾಡಿಗೆ. ವಾರದ ಕೊನೆಗೆ ಗೆಳೆಯರ ಗೆಳೆಯರನ್ನು ಕಾಸು ಪಡೆದು ಗೋಕರ್ಣಕ್ಕೆ ಕರೆದೊಯ್ಯುತ್ತೀರಿ. ಖಾಸಗಿ ಪಾಲಿಸಿಯ ಕಾರು ಬಾಡಿಗೆಗೆ ಓಡಿದ್ದು ಸಾಬೀತಾದರೆ ನಿಮ್ಮ ಕಾರಿನ ಕ್ಲೇಮು ಬಿದ್ದುಹೋಗಬಹುದು. ಲೈಸೆನ್ಸ್ ಇಲ್ಲದ ತಮ್ಮನ ಕೈಗೆ ಕೀಲಿ ಕೊಟ್ಟರೆ ಇನ್ನೂ ಕಷ್ಟ. ಸುಪ್ರೀಂ ಕೋರ್ಟಿನ 2004ರ ತೀರ್ಪಿನಂತೆ ಇಂಥ ಪ್ರಕರಣದಲ್ಲಿ ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ಮಾಲೀಕ ಎಂದರೆ ಯಾರು? ನೀವು. ನಿಮ್ಮಲ್ಲಿ ಇಲ್ಲವೆಂದರೆ ಅಪ್ಪನ ಗದ್ದೆ ಮಾರಬೇಕು. ತಮ್ಮನಿಗೆ 18 ತುಂಬಿರದಿದ್ದರೆ 2019ರ ತಿದ್ದುಪಡಿಯಂತೆ ಪಾಲಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ.

ನಿಮ್ಮ ಪರವಾದ ಸುದ್ದಿಯೂ ಇದೆ. ಕಾರಿನ ಲೈಸೆನ್ಸ್ ಇಟ್ಟುಕೊಂಡು 7,500 ಕಿಲೋದೊಳಗಿನ ಸಾರಿಗೆ ವಾಹನ ಓಡಿಸಿದ ಎಂಬ ಒಂದೇ ನೆಪಕ್ಕೆ ಕಂಪನಿಗಳು ಕ್ಲೇಮು ತಳ್ಳಿಹಾಕುತ್ತಿದ್ದವು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ನೆಪ ನಡೆಯದು ಎಂದಿತು. ಗೂಡ್ಸ್ ಟೆಂಪೋ ಓಡಿಸುವ ಎಷ್ಟು ಹುಡುಗರಿಗೆ ಈ ತೀರ್ಪು ತಲುಪಿದೆ?

ತಲುಪುವುದಿಲ್ಲ. ಯಾಕೆಂದರೆ ವಿಮೆಯ ಲೋಕದಲ್ಲಿ ಕನ್ನಡಕ್ಕೆ ಬಾಗಿಲ ತನಕ ಮಾತ್ರ ಪ್ರವೇಶ. ಜಾಹೀರಾತು ಕನ್ನಡದಲ್ಲಿ. ಫೋನು ಮಾಡಿ ಪುಸಲಾಯಿಸುವ ಹುಡುಗಿ ಕನ್ನಡದಲ್ಲಿ. ದುಡ್ಡು ಕಟ್ಟಿದ ಮರುಕ್ಷಣ ಬರುವ ಪಾಲಿಸಿ ಇಂಗ್ಲಿಷಿನಲ್ಲಿ! ಕೀಳುವಾಗ ಕನ್ನಡ, ಕೊಡುವಾಗ ಇಂಗ್ಲಿಷು. ಇದು ಯಾವ ನ್ಯಾಯ?

ನಮ್ಮ ಆರ್.ಟಿ.ಓ. ಕಚೇರಿಯನ್ನೇ ನೋಡಿ. ಅದರ ಬಗ್ಗೆ ನಮಗೆ ನೂರು ದೂರಿವೆ. ಆದರೂ ಎಲ್.ಎಲ್.ಆರ್. ಪರೀಕ್ಷೆಯನ್ನು ನೀವು ಕನ್ನಡದಲ್ಲಿ ಬರೆಯಬಹುದು. ರಸ್ತೆ ನಿಯಮ ಕನ್ನಡದಲ್ಲಿ ಅರ್ಥವಾಗುತ್ತದೆ ಎಂದು ಸರಕಾರ ಒಪ್ಪಿದೆ. ಹಾಗಾದರೆ ಆ ರಸ್ತೆಯಲ್ಲಿ ಗುದ್ದಿಸಿಕೊಂಡವನ ಹಕ್ಕು ಮಾತ್ರ ಕನ್ನಡದಲ್ಲಿ ಯಾಕೆ ಬರಬಾರದು?

ಕಾನೂನಿನಲ್ಲಿ ಅವಕಾಶವಿಲ್ಲ ಎನ್ನಬೇಡಿ. ಪಾಲಿಸಿದಾರರ ಹಿತರಕ್ಷಣೆಗೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲಿ ಮಾಡಿದ ನಿಯಮದಲ್ಲೇ, ವಿಮೆಯ ಅರ್ಜಿ ಮತ್ತು ದಾಖಲೆಗಳನ್ನು ಸಂದರ್ಭ ನೋಡಿ ಸಂವಿಧಾನ ಮಾನ್ಯಮಾಡಿದ ಭಾಷೆಗಳಲ್ಲಿ ಒದಗಿಸಬಹುದು ಎಂದಿತ್ತು. ಒದಗಿಸ'ಬಹುದು'! ಕಂತಿಗೆ 'ತಕ್ಕದ್ದು', ದಂಡಕ್ಕೆ 'ತಕ್ಕದ್ದು', ಕನ್ನಡಕ್ಕೆ ಮಾತ್ರ 'ಬಹುದು'. ಆರೋಗ್ಯ ವಿಮೆಯಲ್ಲಿ 2024ರ ಜನವರಿಯಿಂದ, ಗ್ರಾಹಕ ಕೇಳಿದರೆ ಪಾಲಿಸಿಯ ಮುಖ್ಯ ವಿವರದ ಹಾಳೆಯನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದಾಗಿದೆ. ಆಸ್ಪತ್ರೆಯ ವಿಮೆಗೆ ಸಾಧ್ಯವಾದದ್ದು ಕಾರಿನ ವಿಮೆಗೆ ಅಸಾಧ್ಯವೇ?

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನಾಲ್ಕು ಸರಕಾರಿ ಕಂಪನಿಗಳಾದವು. ಒಂದರ ತಲೆ ಮುಂಬಯಿಯಲ್ಲಿ, ಒಂದರದು ಕಲ್ಕತ್ತೆಯಲ್ಲಿ, ಒಂದರದು ದಿಲ್ಲಿಯಲ್ಲಿ, ಒಂದರದು ಚೆನ್ನೈಯಲ್ಲಿ. ಕರ್ನಾಟಕಕ್ಕೆ ಒಂದೂ ಇಲ್ಲ. ಆದರೆ ವಿಮೆ ನಮಗೆ ಹೊಸದೇ? ಮೈಸೂರು ಸಂಸ್ಥಾನದಲ್ಲಿ ಸರಕಾರಿ ವಿಮೆ ಶುರುವಾದದ್ದು 1891ರಲ್ಲಿ. ಅದೇ ಇಂದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ನಮ್ಮ ಸರಕಾರಿ ಜೀಪುಗಳಿಗೆ ವಿಮೆ ಮಾಡುವುದು ಅದೇ ಇಲಾಖೆ. ವಿಧಾನಸೌಧದ ಮಂತ್ರಿಯ ಕಾರಿಗೆ ಮನೆಯ ಇಲಾಖೆ, ಹಾರವಾಡದ ಹುಡುಗನ ಕಾರಿಗೆ ಪರದೇಶಿ ಭಾಷೆಯ ಕಾಗದ!

ಈಗ ನಮ್ಮ ಮೇಲೂ ಒಂದು ಕಲ್ಲು ಹಾಕಿಕೊಳ್ಳೋಣ. ನಾವು ಕನ್ನಡ ಸಂಘಟನೆಯವರು ಅಂಗಡಿ ಬೋರ್ಡಿಗೆ ಮಸಿ ಬಳಿದೆವು. ಡ್ಯಾಶ್‌ಬೋರ್ಡಿನ ಒಳಗಿನ ಕಾಗದವನ್ನು ತೆಗೆದು ನೋಡಲಿಲ್ಲ. ಬೋರ್ಡು ಊರಿಗೆ ಕಾಣುತ್ತದೆ, ಫೋಟೋ ಬರುತ್ತದೆ. ಪಾಲಿಸಿ ಯಾರಿಗೂ ಕಾಣುವುದಿಲ್ಲ, ಆದರೆ ಜೇಬು ಹರಿಯುವುದು ಅದರಿಂದಲೇ. ಕನ್ನಡ ಎಂದರೆ ನವೆಂಬರ್ ಒಂದರ ಬಾವುಟ ಮಾತ್ರವಲ್ಲ. ನಮ್ಮ ದುಡ್ಡಿನ ಲೆಕ್ಕ ನಮಗೆ ತಿಳಿಯುವ ಭಾಷೆಯಲ್ಲಿ ಸಿಗುವುದೂ ಕನ್ನಡವೇ.

ಹಾಗಾಗಿ ಗೆಳೆಯರೇ, ಈ ವಾರ ಮಾಡಬೇಕಾದ ಕೆಲಸ ಇಷ್ಟು. ಪಾಲಿಸಿ ಹೊರಗೆ ತೆಗೆಯಿರಿ. ಹೆಸರು, ನೋಂದಣಿ ಸಂಖ್ಯೆ, ಮುಗಿಯುವ ದಿನಾಂಕ ನೋಡಿರಿ. ಹಳೇ ಕಾರಾದರೆ ಪಾಲಿಸಿ ಯಾರ ಹೆಸರಿನಲ್ಲಿದೆ ನೋಡಿರಿ. ಆಮೇಲೆ ಕಂಪನಿಗೆ ಕನ್ನಡದಲ್ಲಿ ಒಂದು ಪತ್ರ ಬರೆಯಿರಿ: 'ನನ್ನ ಪಾಲಿಸಿಯ ಷರತ್ತುಗಳನ್ನು ಕನ್ನಡದಲ್ಲಿ ಕೊಡಿ.' ಒಬ್ಬ ಬರೆದರೆ ಬುಟ್ಟಿಗೆ ಹೋಗುತ್ತದೆ. ಸಾವಿರ ಜನ ಬರೆದರೆ ಮೇಜಿಗೆ ಬರುತ್ತದೆ.

ಕ್ಲೇಮು ತಿರಸ್ಕಾರವಾದರೆ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಒಂದು ಕಾಸೂ ಶುಲ್ಕವಿಲ್ಲ. ಕಾರವಾರದವರಿಗೆ ಕಾರವಾರದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂತಾಗಿ ಕಟ್ಟಿದ್ದು ಐದು ಲಕ್ಷದೊಳಗಿದ್ದರೆ ಅಲ್ಲಿಯೂ ಶುಲ್ಕವಿಲ್ಲ. ದೂರನ್ನು ಕನ್ನಡದಲ್ಲೇ ಬರೆಯಿರಿ.

ಸರಕಾರಕ್ಕೆ ನಮ್ಮ ಮಾತು ಎರಡೇ. ಕರ್ನಾಟಕದಲ್ಲಿ ನೋಂದಣಿಯಾದ ವಾಹನದ ಪಾಲಿಸಿ, ಕ್ಲೇಮು ಅರ್ಜಿ, ತಿರಸ್ಕಾರದ ಪತ್ರ ಕನ್ನಡದಲ್ಲೂ ಇರಲೇಬೇಕೆಂದು ದಿಲ್ಲಿಯನ್ನೂ ಹೈದರಾಬಾದಿನ ಪ್ರಾಧಿಕಾರವನ್ನೂ ಒತ್ತಾಯಿಸಿ. 'ಬಹುದು' ಸಾಕು, 'ತಕ್ಕದ್ದು' ಬೇಕು. ಎರಡನೆಯದು, ಎಲ್.ಎಲ್.ಆರ್. ಕೊಡುವಾಗಲೇ ವಿಮೆಯ ಹತ್ತು ಮುಖ್ಯ ನಿಯಮಗಳ ಕನ್ನಡ ಹಾಳೆಯೊಂದನ್ನು ಪ್ರತಿ ಹುಡುಗ ಹುಡುಗಿಯ ಕೈಗೆ ಕೊಡಿ.

ಹಾರವಾಡ ಇರುವುದು ಅಂಕೋಲಾ ತಾಲೂಕಿನಲ್ಲಿ. 1930ರಲ್ಲಿ ಬ್ರಿಟಿಷರ ಕಾನೂನು ಮುರಿದು ಉಪ್ಪು ತೆಗೆದ ನೆಲ ಅದು. ಆಮೇಲೆ ಕರ ಕೊಡುವುದಿಲ್ಲವೆಂದು ಮನೆ ಮಠ ಕಳೆದುಕೊಂಡ ರೈತರ ನೆಲ. ಅವರ ಮೊಮ್ಮಕ್ಕಳು ನಾವು ಕಂತು ಕೊಡುವುದಿಲ್ಲ ಎನ್ನುತ್ತಿಲ್ಲ. ಕೊಡುತ್ತೇವೆ, ತಪ್ಪದೆ ಕೊಡುತ್ತೇವೆ. ಆದರೆ ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳಿ ಎನ್ನುತ್ತೇವೆ.

ಇಷ್ಟು ಕೇಳುವುದೂ ಅತಿಯಾಯಿತೇ?

ಕಂತು ನಮ್ಮದಾದರೆ ಕಾಗದವೂ ನಮ್ಮದಾಗಲಿ. ಪತ್ರ ಬರೆಯಿರಿ. ಇಂದೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.