ಬೆನ್ನು ನೋಡಿ ಕುಲ ಆರಿಸಿ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡೋಕೆ ಕೂತರೆ ಆಟ ನಿಮ್ಮನ್ನು ಮೊದಲು ಕೇಳೋದು ಹೆಸರಲ್ಲ, ಕುಲ. ನಮ್ಮೂರ ಮದುವೆ ಮನೇಲಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರು ಕೇಳ್ತಾರಲ್ಲ, 'ನೀವು ಯಾವ ಪೈಕಿ?' ಅಂತ, ಅದೇ ಧಾಟಿ. ವ್ಯತ್ಯಾಸ ಒಂದೇ. ಇಲ್ಲಿ ಉತ್ತರ ನೀವೇ ಆರಿಸಬಹುದು. ಬೇಜಾರಾದರೆ 25 ಡಾಲರ್ ಕೊಟ್ಟು ಬದಲಾಯಿಸಲೂಬಹುದು.

ಆಡದವರಿಗಾಗಿ ಎರಡು ಮಾತು. 2004ರ ನವೆಂಬರ್‌ನಲ್ಲಿ ಬ್ಲಿಝರ್ಡ್ ಕಂಪನಿ ಬಿಟ್ಟ ಆಟ ಇದು. ಆಝೆರಾತ್ ಅನ್ನೋ ಲೋಕ, ಅದರಲ್ಲಿ ಅಲೈಯನ್ಸ್ ಮತ್ತು ಹೋರ್ಡ್ ಅಂತ ಎರಡು ಬಣ. ಶುರುವಿನಲ್ಲಿ ಬಣಕ್ಕೆ ನಾಲ್ಕರಂತೆ ಎಂಟು ರೇಸ್ ಇದ್ದವು, ಈಗ ಸಂಖ್ಯೆ 20 ದಾಟಿದೆ. ಈ 'ರೇಸ್'ಗೆ ಕನ್ನಡದಲ್ಲಿ ಏನನ್ನೋಣ? 'ಜನಾಂಗ' ಅಂದರೆ ಸಮಾಜ ವಿಜ್ಞಾನದ ಪಠ್ಯಪುಸ್ತಕ ಆಗುತ್ತೆ. 'ಜಾತಿ' ಅಂದರೆ ಈ ಅಂಕಣದ ಕೆಳಗೆ ಯುದ್ಧ ಆಗುತ್ತೆ. ಹಾಗಾಗಿ 'ಕುಲ' ಇರಲಿ. ರಾಕ್ಷಸ ಕುಲ, ವಾನರ ಕುಲ ಅಂತೆಲ್ಲ ಕೇಳಿಕೊಂಡೇ ಬೆಳೆದವರು ನಾವು.

ಯಾವ ಕುಲ ಒಳ್ಳೇದು ಅಂತ ಹುಡುಕಿದರೆ ನಿಮಗೆ ಸಿಗೋದು ಎಕ್ಸೆಲ್ ಶೀಟುಗಳು. ಈ ಕುಲಕ್ಕೆ ವೇಗ ಶೇ. 1 ಜಾಸ್ತಿ, ಆ ಕುಲಕ್ಕೆ ಏಟು ಸ್ವಲ್ಪ ಗಟ್ಟಿ. ನನ್ನ ಅಭಿಪ್ರಾಯ ಬೇರೆ. ಈ ಆಟದಲ್ಲಿ ಕ್ಯಾಮೆರಾ ಇರೋದು ನಿಮ್ಮ ಪಾತ್ರದ ಹಿಂದೆ. ಸಾವಿರ ಗಂಟೆ ಆಡಿದರೆ ಅದರಲ್ಲಿ ಮುಖ ನೋಡೋದು ಪಾತ್ರ ಮಾಡುವ ಹತ್ತು ನಿಮಿಷ ಮಾತ್ರ. ಉಳಿದಷ್ಟೂ ಹೊತ್ತು ಕಾಣೋದು ಬೆನ್ನು. ಆದ್ದರಿಂದ ಬೆನ್ನು ನೋಡಿ ಆರಿಸಿ.

ಮನುಷ್ಯರನ್ನು ಮೊದಲು ಮುಗಿಸಿಬಿಡ್ತೀನಿ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಮನುಷ್ಯನಾಗಿದ್ದು ಸಾಕಾಗಿ ಮನೆಗೆ ಬಂದು, ಲಾಗಿನ್ ಆಗಿ, ಮತ್ತೆ ಮನುಷ್ಯನೇ ಆಗೋದು ಅಂದರೆ ಗೋವಾಕ್ಕೆ ಹೋಗಿ ಹೋಟೆಲ್ ರೂಮಲ್ಲಿ ಟೀವಿ ನೋಡಿದ ಹಾಗೆ. ಅವರ ಹುಟ್ಟುಗುಣ ಏನು ಗೊತ್ತಾ? ಎಲ್ಲ ಗುಂಪುಗಳ ಜೊತೆ ಒಳ್ಳೆ ಹೆಸರು ಗಳಿಸೋದರಲ್ಲಿ ಶೇ. 10 ಮುಂದೆ. ಅಂದರೆ ನೆಟ್‌ವರ್ಕಿಂಗ್. ಲಿಂಕ್ಡ್‌ಇನ್ ತೆರೆದರೆ ಪುಕ್ಕಟೆ ಸಿಗುವ ವೇದನೆಗೆ ತಿಂಗಳ ಚಂದಾ ಯಾಕೆ ಕಟ್ಟಬೇಕು?

ನಮ್ಮ ವೃತ್ತಿಯವರಿಗೆ ಹೇಳಿ ಮಾಡಿಸಿದ ಕುಲ ನೋಮ್. ಮೊಣಕಾಲೆತ್ತರದ ಎಂಜಿನಿಯರುಗಳು. ಇವರ ಊರು ನೋಮೆರೆಗನ್ ಒಳಗೆ ಟ್ರಾಗ್ ಅನ್ನೋ ಕಾಡು ಜೀವಿಗಳು ನುಗ್ಗಿದವು. ನೋಮ್‌ಗಳು ಏನು ಮಾಡಿದರು? ತಮ್ಮ ಊರೊಳಕ್ಕೇ ವಿಕಿರಣ ಬಿಟ್ಟರು. ಟ್ರಾಗ್‌ಗಳು ಪೂರ್ತಿ ಸಾಯಲಿಲ್ಲ, ಹೊಳೆಯೋಕೆ ಶುರು ಮಾಡಿದವು. ಸತ್ತವರು ಬಹುಪಾಲು ನೋಮ್‌ಗಳೇ. ಉಳಿದವರು ಪಕ್ಕದ ಡ್ವಾರ್ಫ್‌ಗಳ ಊರಲ್ಲಿ ಬಾಡಿಗೆಗೆ ಕೂತರು. ಶುಕ್ರವಾರ ಸಂಜೆ ಐದಕ್ಕೆ, ಟೆಸ್ಟ್ ಮಾಡದೆ, ಸೀದಾ ಪ್ರೊಡಕ್ಷನ್‌ಗೆ ತಳ್ಳಿದ ಫಿಕ್ಸ್‌ನ ಕಥೆಯನ್ನು ಇಷ್ಟು ಪ್ರಾಮಾಣಿಕವಾಗಿ ಬೇರೆ ಯಾವ ಆಟವೂ ಹೇಳಿಲ್ಲ. ಆದರೂ ನೋಮ್ ಬೇಡ ಅಂತೀನಿ. ಎತ್ತರದ ಹುಲ್ಲಿರೋ ಕಡೆ ಅವರ ಬೆನ್ನೇ ಕಾಣಲ್ಲ.

ಡ್ವಾರ್ಫ್ ವಿಷಯಕ್ಕೆ ಬಂದರೆ ನಾನು ನಿಷ್ಪಕ್ಷಪಾತಿ ಅಲ್ಲ. ಅಗಲ ಬೆನ್ನು, ಜಡೆ ಹೆಣೆದ ಗಡ್ಡ, ಕೈಯಲ್ಲಿ ಬಿಯರು, ಸ್ಕಾಟ್ಲೆಂಡಿನ ಉಚ್ಚಾರಣೆ. ಇವರ ರಾಜಧಾನಿ ಐರನ್‌ಫೋರ್ಜ್, ಬೆಟ್ಟದ ಹೊಟ್ಟೆಯೊಳಗಿನ ಊರು. ಮೊದಲ ಒಂದು ವರ್ಷ ಅಲೈಯನ್ಸ್ ಬಣಕ್ಕೆ ಹರಾಜು ಕಟ್ಟೆ ಇದ್ದದ್ದು ಇಲ್ಲಿ ಮಾತ್ರ. ಸರ್ವರಿನ ಜನವೆಲ್ಲ ಇದೊಂದೇ ಬೀದಿಯಲ್ಲಿ ನಿಂತು, ಹೆಜ್ಜೆ ಇಟ್ಟರೆ ಪರದೆ ತಡವರಿಸೋದು. ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಚಾವಣಿ ಹಾಕಿದ್ದರೆ ಹಾಗಿರುತ್ತಿತ್ತು.

ಅದೇ ಕಾಲದಲ್ಲಿ ಡ್ವಾರ್ಫ್ ಪುರೋಹಿತರಿಗೆ, ಅಂದರೆ ಪ್ರೀಸ್ಟ್‌ಗಳಿಗೆ, ಒಂದು ಅದೃಷ್ಟ ಖುಲಾಯಿಸಿತ್ತು. ಭಯ ತಡೆಯೋ 'ಫಿಯರ್ ವಾರ್ಡ್' ಮಂತ್ರ ಅವರಿಗೆ ಬಿಟ್ಟರೆ ಬೇರೆ ಯಾವ ಕುಲದ ಪ್ರೀಸ್ಟ್‌ಗೂ ಇರಲಿಲ್ಲ. ಒನಿಕ್ಸಿಯಾ ಅನ್ನೋ ಹೆಣ್ಣು ಡ್ರ್ಯಾಗನ್ 40 ಜನರ ತಂಡವನ್ನು ಒಂದೇ ಗರ್ಜನೆಗೆ ದಿಕ್ಕಾಪಾಲು ಓಡಿಸುತ್ತಿದ್ದ ಕಾಲ. ಆಗ ಪ್ರೀಸ್ಟ್ ಬೇಕು ಅನ್ನೋ ಕರೆಗಳಲ್ಲಿ 'ಡ್ವಾರ್ಫ್‌ಗೆ ಆದ್ಯತೆ' ಅಂತ ಇರುತ್ತಿತ್ತು. ಹಳೇ ಬ್ಯಾಂಕುಗಳು ಇವತ್ತಿಗೂ ಕೋಬಾಲ್ ಗೊತ್ತಿದ್ದವರನ್ನು ಹುಡುಕುತ್ತವಲ್ಲ, ಅದೇ ಬೆಲೆ. ಆಮೇಲೆ ಆ ಮಂತ್ರವನ್ನು ಎಲ್ಲ ಪ್ರೀಸ್ಟ್‌ಗಳಿಗೂ ಹಂಚಿದರು. ಮಾರ್ಕೆಟ್ ಬಿತ್ತು. ಗಡ್ಡ ಉಳಿಯಿತು.

ನೈಟ್ ಎಲ್ಫ್‌ಗಳು ಚಂದ ಇದ್ದಾರೆ, ಒಪ್ಪೋಣ. ನೇರಳೆ ಮೈ, ಉದ್ದ ಕಿವಿ, ಸತ್ತರೂ ಹೊಳೆಯೋ ಬೆಳಕಿನ ಉಂಡೆಯಾಗಿ ತೇಲುತ್ತಾರೆ. ಗಂಡಸರು ಕುಣಿದರೆ ಮೈಕಲ್ ಜಾಕ್ಸನ್. ಆದರೆ ಹುಟ್ಟೋದು ಭೂಪಟದ ವಾಯವ್ಯ ಮೂಲೆಯ ಒಂದು ದೈತ್ಯ ಮರದ ಮೇಲೆ. ಸ್ನೇಹಿತರು ಐರನ್‌ಫೋರ್ಜ್‌ನಲ್ಲಿ ಕಾಯ್ತಿದ್ದರೆ, ಹಳೇ ಆವೃತ್ತಿಯಲ್ಲಿ ದೋಣಿ ಹಿಡಿದು ಸಮುದ್ರ ದಾಟಿ, ಆಮೇಲೆ ಜೌಗು ನೆಲದಲ್ಲಿ ಮೊಸಳೆಗಳ ಬಾಯಿಗೆ ಬೀಳುತ್ತ, ಎದ್ದು, ಮತ್ತೆ ಬೀಳುತ್ತ ಹೋಗಬೇಕಿತ್ತು. ಬೆಂಗಳೂರಲ್ಲಿ ಕೆಂಗೇರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಆಫೀಸು ಇರೋರು ಇದನ್ನು ಆಟ ಅಂತ ಕರೆಯೋದಿಲ್ಲ.

ಈಗ ಹೋರ್ಡ್ ಕಡೆ ದಾಟೋಣ. ಓರ್ಕ್ ನೋಡಿದಾಗೆಲ್ಲ ನನಗೆ ಯಕ್ಷಗಾನದ ಬಣ್ಣದ ವೇಷ ನೆನಪಾಗುತ್ತೆ. ಹಸಿರು ಮೈ, ಮೇಲಕ್ಕೆ ಬಂದ ಕೋರೆ, ಮಾತಿಗಿಂತ ಮೊದಲೇ ಅಬ್ಬರ. ಒಳಗೆ ಮಾತ್ರ ನಾಟಿ ಜನ, ಮಾನಕ್ಕೆ ಪ್ರಾಣ ಬಿಡೋರು. ಟ್ರೋಲ್‌ಗಳ ಬಗ್ಗೆ ನನಗಿರೋದು ಒಂದೇ ತಕರಾರು: ಅವರ ನಿಲುವು ನೋಡಿದರೆ ನನಗೇ ಬೆನ್ನು ನೋಯುತ್ತೆ.

ಟೌರೆನ್ ಅಂದರೆ ಎರಡು ಕಾಲಲ್ಲಿ ನಿಂತ ಬಸವ. ಕೊಂಬು, ಮೂಗು, ಗೊರಸು, ಎಲ್ಲ ಇದೆ. ಸ್ವಭಾವವೂ ಹಾಗೇ, ಶಾಂತ. ಇವರು ಸವಾರಿ ಮಾಡೋ ಕೋಡೋ ಅನ್ನೋ ಪ್ರಾಣಿ ಇವರಿಗಿಂತ ದಪ್ಪ. ಅದರ ಮೇಲೆ ಕೂತು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳೋದು, ಅಂಚೆ ಡಬ್ಬದ ಮುಂದೆ ನಿಂತು ಇಡೀ ಊರಿನ ಪತ್ರ ವ್ಯವಹಾರ ನಿಲ್ಲಿಸೋದು ಇವರ ದಿನಚರಿ. ಬೆನ್ನಂತೂ ಕೇಳಬೇಡಿ. ಪರದೆಯ ಮೂರನೇ ಒಂದು ಭಾಗ ಬೆನ್ನೇ.

ನಮ್ಮ ಹಳೇ ಗಿಲ್ಡಿನಲ್ಲಿ, ಅಂದರೆ ಆಟದೊಳಗಿನ ನಮ್ಮ ಸಂಘದಲ್ಲಿ, ಒಬ್ಬ ಗೆಳೆಯ ಟೌರೆನ್ ಷಾಮನ್ ಆಡ್ತಿದ್ದ. ಹುಬ್ಬಳ್ಳಿ ಕಡೆಯವನು, ಮಾತು ಕಡಿಮೆ. ರಾತ್ರಿ ಒಂದಕ್ಕೆ ರೈಡ್ ಮುಗಿದ ಮೇಲೂ ಹೊಸಬರನ್ನು ಕರೆದುಕೊಂಡು ಹೋಗಿ ದಾರಿ ತೋರಿಸ್ತಿದ್ದ. ಮುಂದೆ ಆ ಬಸವ, ಹಿಂದೆ ಐದಾರು ಜನ ಸಾಲಾಗಿ. ದಾರಿ ತಪ್ಪೋಕೆ ಸಾಧ್ಯವೇ ಇರಲಿಲ್ಲ, ಅಷ್ಟು ದೂರದಿಂದ ಕಾಣೋನು. ಒಂದು ದಿನ ರೈಡ್ ಲೀಡರು ಲೆಕ್ಕ ತೆಗೆದ. ಟ್ರೋಲ್‌ಗೆ 'ಬರ್ಸರ್ಕಿಂಗ್' ಅನ್ನೋ ಗುಣ ಇದೆ, 3 ನಿಮಿಷಕ್ಕೊಮ್ಮೆ ಕೆಲವು ಸೆಕೆಂಡ್ ಕೈ ಚುರುಕಾಗುತ್ತೆ, ಒಟ್ಟಾರೆ ಹೊಡೆತ ಶೇ. 1ರ ಆಸುಪಾಸು ಏರುತ್ತೆ, ಬದಲಾಯಿಸು ಅಂದ. ಅವನು 25 ಡಾಲರ್ ಕಟ್ಟಿ ಟ್ರೋಲ್ ಆದ.

ಮೀಟರಿನಲ್ಲಿ ಅವನ ಜಾಗ ಏಳನೆಯದಿತ್ತು, ಏಳನೆಯದೇ ಆಗಿ ಉಳಿಯಿತು. ಎರಡು ವಾರ ಆದ ಮೇಲೆ ಕೇಳಿದೆ, ಹೆಂಗದ ಹೊಸ ಮೈ ಅಂತ. 'ಯಾರದೋ ಅಂಗಿ ಹಾಕ್ಕೊಂಡಂಗ ಆಗೇದ' ಅಂದ. ಮೂರು ತಿಂಗಳಲ್ಲಿ ಲಾಗಿನ್ ಆಗೋದನ್ನೇ ಬಿಟ್ಟ. ಹೊಸಬರಿಗೆ ದಾರಿ ತೋರಿಸೋರು ಯಾರೂ ಉಳಿಯಲಿಲ್ಲ. ಆ ಕೆಲಸ ಯಾವ ಮೀಟರಿನಲ್ಲೂ ಇರಲಿಲ್ಲವಾದ್ದರಿಂದ ಅದು ನಿಂತದ್ದೂ ಯಾರ ಲೆಕ್ಕಕ್ಕೂ ಬರಲಿಲ್ಲ. ಇದನ್ನು ಓದ್ತಾ ನಿಮ್ಮ ಅಪ್ರೈಸಲ್ ನೆನಪಾದರೆ ನಾನು ಜವಾಬ್ದಾರನಲ್ಲ.

ಕುಲದ ಕಥೆ ಅಂತ ನೋಡಿದರೆ ನನ್ನ ಮತ ಅನ್‌ಡೆಡ್‌ಗೆ. ಆಟದ ಭಾಷೆಯಲ್ಲಿ ಇವರು ಫರ್ಸೇಕನ್, ಅಂದರೆ ಕೈಬಿಟ್ಟವರು. ಪಿಡುಗಿಗೆ ಸತ್ತು, ಲಿಚ್ ಕಿಂಗ್ ಅನ್ನೋ ದುಷ್ಟನ ಗುಲಾಮರಾಗಿ ಎದ್ದು, ಆಮೇಲೆ ಹೇಗೋ ತಮ್ಮ ಬುದ್ಧಿ ತಮ್ಮ ಕೈಗೆ ಬಂದವರು. ಬದುಕಿರೋ ಬಂಧುಗಳಿಗೆ ಮಾತ್ರ ಇವರು ಬೇಡ. ಇದು ಗಂಭೀರ ಭಾಗ. ಉಳಿದದ್ದು ಹೀಗಿದೆ: ಗೂನು ಬೆನ್ನು, ನಿದ್ದೆಗೆಟ್ಟ ಕಣ್ಣು, ಕೆದರಿದ ಕೂದಲು, ಸಿಕ್ಕಿದ್ದನ್ನು ತಿನ್ನೋ ಅಭ್ಯಾಸ. ಹೌದು, ನೆಲದ ಮೇಲಿನ ಹೆಣ ತಿಂದು ಚೇತರಿಸಿಕೊಳ್ಳೋದು ಇವರ ಹುಟ್ಟುಗುಣ. ರಿಲೀಸ್ ವಾರದಲ್ಲಿ ನಮ್ಮ ಮಹಡಿಯ ಪ್ಯಾಂಟ್ರಿ ಕಡೆ ರಾತ್ರಿ ಹನ್ನೊಂದಕ್ಕೆ ಬಂದು ನೋಡಿ, ಬೇರೆ ವಿವರಣೆ ಬೇಕಾಗಲ್ಲ. ಇವರ ಮೊಣಕೈ, ಮೊಣಕಾಲಲ್ಲಿ ಮೂಳೆ ಹೊರಗೆ ಕಾಣುತ್ತೆ. ಚೀನಾದಲ್ಲಿ 2007ರಲ್ಲಿ ಆ ಮೂಳೆಗಳಿಗೆ ಚರ್ಮ ಹೊದಿಸಿಬಿಟ್ಟರು. ಸತ್ತ ಮೇಲೂ ಡ್ರೆಸ್ ಕೋಡ್!

2007ರಲ್ಲೇ ಹೋರ್ಡ್‌ಗೆ ಬ್ಲಡ್ ಎಲ್ಫ್ ಬಂದರು. ನನ್ನ ಅನುಮಾನ ಏನಂದರೆ, ಆ ಬಣದ ಗ್ರೂಪ್ ಫೋಟೋ ಚೆನ್ನಾಗಿ ಬರ್ತಿರಲಿಲ್ಲ, ಅದಕ್ಕೇ ಸೇರಿಸಿದರು. ಮಾಂತ್ರಿಕ ಶಕ್ತಿಗೆ ದಾಸರಾದ ಜನ ಇವರು. ಸನ್‌ವೆಲ್ ಅನ್ನೋ ಅದರ ಬುಗ್ಗೆ ಹಾಳಾದ ಮೇಲೆ ಕೈ ನಡುಕ, ಸಿಡಿಮಿಡಿ, ಸಿಕ್ಕಿದಲ್ಲೆಲ್ಲ ಹೀರೋ ಚಪಲ. ವೈಫೈ ಹೋದ ಮನೆ ನೋಡಿದ್ದೀರಲ್ಲ.

ಸ್ಟಾರ್ಟಪ್‌ನಲ್ಲಿ ದುಡಿದವರು ಗಾಬ್ಲಿನ್ ಆಗಿ ಒಮ್ಮೆ ಶುರು ಮಾಡಲೇಬೇಕು. 2010ರಲ್ಲಿ ಬಂದ ಕುಲ. ಅಂಗಡಿಗಳಲ್ಲಿ ಇವರಿಗೆ ಯಾವಾಗಲೂ ರಿಯಾಯಿತಿ, ಸೊಂಟದಲ್ಲಿ ರಾಕೆಟ್. ಇವರ ದ್ವೀಪದಲ್ಲಿ ಜ್ವಾಲಾಮುಖಿ ಎದ್ದಾಗ ನಾಯಕ ಗ್ಯಾಲಿವಿಕ್ಸ್ ತನ್ನ ಹಡಗಿನಲ್ಲಿ ಸೀಟು ಕೊಡ್ತೀನಿ ಅಂತ ಜನರ ಉಳಿತಾಯವೆಲ್ಲ ಕಸಿದುಕೊಂಡ. ಹತ್ತಿಸಿಕೊಂಡ ಮೇಲೆ ಅವರನ್ನೇ ಗುಲಾಮರು ಅಂದ. ಅವನ ಕೈಯಲ್ಲಿ ಪವರ್‌ಪಾಯಿಂಟ್ ಒಂದು ಇರಲಿಲ್ಲ ಅಷ್ಟೆ.

ಉಳಿದವರದ್ದು ಗಡಿಬಿಡಿಯಲ್ಲಿ. ವೊರ್ಗೆನ್ ಅಂದರೆ ತೋಳಮಾನವರು, ಓಡೋಕೆ ಕುದುರೆ ಬೇಡ, ನಾಲ್ಕು ಕಾಲು ಸಾಕು, ಪೆಟ್ರೋಲ್ ರೇಟಿನ ಈ ಕಾಲಕ್ಕೆ ಸೂಕ್ತ. ಪಾಂಡರೆನ್ 2002ರ ಏಪ್ರಿಲ್ ಫೂಲ್ ಜೋಕ್ ಆಗಿ ಹುಟ್ಟಿ, 2012ಕ್ಕೆ ನಿಜವಾದ ಕುಲ. ಊಟದಿಂದ ಇವರಿಗೆ ಎರಡು ಪಟ್ಟು ಲಾಭ. ನನಗೂ ಆಗುತ್ತೆ, ಸೊಂಟದ ಸುತ್ತ. 2020ರಲ್ಲಿ ಬಂದ ವಲ್ಪೆರಾ ಮುದ್ದು ಮುದ್ದಾದ ನರಿಗಳು. ಅವುಗಳ ವಿರುದ್ಧ ಬರೆದರೆ ಮನೇಲಿ ಊಟ ಸಿಗಲ್ಲ.

ಎರಡು ಬಣಗಳಿಗೆ ಪರಸ್ಪರ ಮಾತು ಅರ್ಥವಾಗದ ಹಾಗೆ ಮಾಡಿಟ್ಟಿದ್ದಾರೆ ಅನ್ನೋದನ್ನು ಹೇಳಲಿಲ್ಲ. ಹೋರ್ಡ್‌ನವನು 'ಲೋಲ್' ಅಂತ ಟೈಪ್ ಮಾಡಿದರೆ ಅಲೈಯನ್ಸ್‌ನವನಿಗೆ ಕಾಣೋದು 'ಕೆಕ್'. ಅಲೈಯನ್ಸ್‌ನ ನಗು ಆ ಕಡೆ 'ಬರ್' ಆಗುತ್ತೆ. 2022ರ ಮೇಲೆ ಎರಡು ಬಣದವರೂ ಸೇರಿ ಒಂದೇ ತಂಡದಲ್ಲಿ ಆಡಬಹುದು. ಅಲ್ಲಿಯವರೆಗೆ ಹದಿನೇಳು ವರ್ಷ ಒಬ್ಬರ ನಗು ಇನ್ನೊಬ್ಬರಿಗೆ ಕೆಮ್ಮಿನ ಹಾಗೆ ಕೇಳಿಸ್ತಿತ್ತು.

ಕೊನೆಗೆ ಡ್ರೆನಾಯ್. ನೀಲಿ ಮೈ, ಬಾಲ, ಗೊರಸು. ಆಕಾಶನೌಕೆ ಕೆಟ್ಟು ಆಝೆರಾತ್‌ಗೆ ಬಿದ್ದವರು, ಆ ಮುರುಕು ನೌಕೆ ಎಕ್ಸೋಡಾರ್‌ನಲ್ಲೇ ಸಂಸಾರ. ಮಹಾ ದೈವಭಕ್ತರು, ಗಂಭೀರ ಮುಖ. ಆದರೆ ಗಂಡು ಡ್ರೆನಾಯ್‌ಗೆ ಕುಣಿ ಅಂತ ಆಜ್ಞೆ ಕೊಟ್ಟು ನೋಡಿ. ಕೈ ಮೇಲೆತ್ತಿ, ಭುಜ ಕುಣಿಸಿ ಹಾಕೋದು ದಲೇರ್ ಮೆಹಂದಿಯ 'ತುನಕ್ ತುನಕ್ ತುನ್' ಸ್ಟೆಪ್ಪು! ಸುಳ್ಳಲ್ಲ, 2007ರಿಂದ ಹೀಗೇ. ಈ ಲೋಕದಲ್ಲಿ ನಮ್ಮ ದೇಶದ್ದು ಅಂತ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ನಾನು ಆಡೋದು ಯುರೋಪಿನ ಸರ್ವರಿನಲ್ಲಿ. ಅಲ್ಲೊಬ್ಬ ಸ್ವೀಡನ್ನಿನವನದ್ದು ಡ್ರೆನಾಯ್. ಬಾಸ್ ಸತ್ತಾಗೆಲ್ಲ ಅವನು ಆ ಕುಣಿತ ಹಾಕಿಯೇ ಮುಂದೆ ಹೆಜ್ಜೆ ಇಡೋದು. ನಾನು ಭಾರತದವನು ಅಂತ ಗೊತ್ತಾದ ದಿನ ಹಾಡಿನ ಅರ್ಥ ಹೇಳು ಅಂದ. ಅದು ಪಂಜಾಬಿ, ನನ್ನದು ಕನ್ನಡ ಅಂದೆ. ಎರಡರ ನಡುವೆ ಎಷ್ಟು ದೂರ ಅಂತ ಕೇಳಿದ. ಸ್ವಲ್ಪ ಯೋಚಿಸಿ, 'ಎಕ್ಸೋಡಾರ್‌ನಿಂದ ಐರನ್‌ಫೋರ್ಜ್‌ಗೆ' ಅಂದೆ. 'ಓ, ದೋಣಿ ಹಿಡಿಯಬೇಕು' ಅಂದವನೇ ಇನ್ನೊಂದು ಸುತ್ತು ಕುಣಿದ.